ನೀಲಿಯಾಗದ ಎಲೆಗಳು

ಬಿಳಿ ಅಂಗಿಗೆ ಎಷ್ಟು ನೀಲಿ ಹಾಕಬೇಕೆಂಬುದು ನನಗೆ ಈವರೆಗೂ ಬಗೆಹರಿದಿಲ್ಲ. ಒಂದು ಬಕೆಟ್ ನೀರಿಗೆ ನಾಲ್ಕು ಹನಿ ಸಾಕೆನ್ನುತ್ತಾಳೆ ನನ್ನ ಹೆಂಡತಿ. ನಾನೋ ಮುಚ್ಚಳದ ತುಂಬ ಸುರಿದು, ಸೋಮವಾರ ಬೆಳಿಗ್ಗೆ ಆಕಾಶದ ತುಂಡೊಂದನ್ನು ತೊಟ್ಟವನಂತೆ ಬಸ್ಸು ಹತ್ತುತ್ತೇನೆ. ನೀಲಿಯ ಮೇಲಿನ ನನ್ನ ಈ ದುರಾಸೆಗೆ ಕಾರಣ ನನ್ನ ಉದ್ಯೋಗವೆಂದರೆ ನೀವು ನಗಬಹುದು, ನಗಿ. ಆದರೆ ಮಾತು ನಿಜ.

ತೊಂಬತ್ತರ ದಶಕದ ಕೊನೆಯಲ್ಲಿ ನಾನೊಂದು ಸಸ್ಯ ಪ್ರಯೋಗಾಲಯದಲ್ಲಿದ್ದೆ. ಟೊಮ್ಯಾಟೊ ಗಿಡಕ್ಕೆ ಹೊರಗಿನ ಜೀನೊಂದನ್ನು ಸೇರಿಸುವುದು ನಮ್ಮ ಕಸುಬು. ಸೇರಿತೋ ಇಲ್ಲವೋ ಎಂಬುದು ಮಾತ್ರ ಗಿಡವನ್ನು ನೋಡಿದರೆ ತಿಳಿಯದು. ಜೀನು ಹೊಕ್ಕ ಸಸಿಯೂ ಹೊಗದ ಸಸಿಯೂ ಅವಳಿ ಮಕ್ಕಳಂತೆ ಒಂದೇ ಹಸಿರಿನಲ್ಲಿ ನಿಂತಿರುತ್ತವೆ. ಅದಕ್ಕೇ, ನಮಗೆ ಬೇಕಾದ ಜೀನಿನ ಜೊತೆಗೆ ಚಾಡಿ ಹೇಳುವ ಇನ್ನೊಂದು ಜೀನನ್ನೂ ಒಳಗೆ ಕಳಿಸುತ್ತಿದ್ದೆವು. ಎಲೆಯ ಚೂರನ್ನು ಒಂದು ದ್ರಾವಣದಲ್ಲಿ ರಾತ್ರಿಯಿಡೀ ಬೆಚ್ಚಗಿಟ್ಟು, ಮರುದಿನ ಆಲ್ಕೋಹಾಲಿನಲ್ಲಿ ಅದರ ಹಸಿರನ್ನು ತೊಳೆದರೆ, ಜೀನು ಹೊಕ್ಕ ಎಲೆ ನೀಲಿಯಾಗಿ ತಪ್ಪೊಪ್ಪಿಕೊಳ್ಳುತ್ತದೆ, ಹೊಗದ ಎಲೆ ಬೆಳ್ಳಗೆ ಉಳಿಯುತ್ತದೆ. ಒಂದು ಚುಕ್ಕೆ ನೀಲಿ ಕಂಡರೂ ಆ ದಿನ ನಮಗೆಲ್ಲ ಹಬ್ಬ, ಕ್ಯಾಂಟೀನಿನಲ್ಲಿ ಎರಡನೆಯ ಕಾಫಿ.

ಆಗ ನಾವು ಇಟ್ಟಮಡುವಿನಲ್ಲಿ ಮುನಿಯಪ್ಪನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ ಹಂಚಿಹೋದ ಮೇಲೆ, ಅವರ ಬೇಸಾಯವೆಲ್ಲ ಹಿತ್ತಲಿನ ಸಂಪಿನ ಪಕ್ಕದ ಅಂಗೈಯಗಲ ಜಾಗಕ್ಕೆ ಇಳಿದಿತ್ತು. "ಏನ್ ಸಾರ್, ಗಿಡದ ಆಫೀಸಲ್ಲಿದ್ದೀರ, ನಾಕು ಸಸಿ ತಂದ್ಕೊಡಕ್ಕಾಗಲ್ವಾ?" ಎಂದು ಅವರು ಮೆಟ್ಟಿಲ ಬಳಿ ಎಷ್ಟು ಸಲ ಕೇಳಿದ್ದರೋ. ಹೋಲಿಕೆಗೆಂದು ಜೀನು ಸೇರಿಸದೆ ಬೆಳೆಸಿದ ಸಸಿಗಳು ನಮ್ಮಲ್ಲಿ ಮಿಗುತ್ತಿದ್ದವು. ಸಸಿ ಬೆಳೆಸುವ ಗಾಜಿನ ಮನೆಯಿಂದ ಒಂದು ಎಲೆಯೂ ಹೊರಗೆ ಹೋಗಕೂಡದೆಂಬ ನಿಯಮ ಗೊತ್ತಿದ್ದೂ, ಸಾಧಾರಣ ಸಸಿಗೆ ಎಂಥ ನಿಯಮ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ನಾಲ್ಕನ್ನು ಊಟದ ಡಬ್ಬಿಯಲ್ಲಿ ತಂದುಕೊಟ್ಟೆ.

ಎರಡು ತಿಂಗಳಲ್ಲಿ ಗಿಡಗಳ ತುಂಬ ಕಾಯಿ. ಅಷ್ಟರಲ್ಲಿ ಬಸುರಿಯಾಗಿದ್ದ ಅವರ ಮಗಳು ಲಕ್ಷ್ಮಿ ತವರಿಗೆ ಬಂದಳು. ಬಂದವಳಿಗೆ ಕಾಯಿ ಟೊಮ್ಯಾಟೊ ಗೊಜ್ಜಿನ ಬಯಕೆ. ಅದೇ ವಾರ ಪ್ರಯೋಗಾಲಯದಲ್ಲಿ, ಸಾಧಾರಣವೆಂದು ನಾವು ನಂಬಿದ್ದ ಗಿಡವೊಂದರ ಎಲೆ ಕಡುನೀಲಿಯಾಗಿ ನನ್ನನ್ನು ನೋಡಿತು.

ತಪ್ಪು ನನ್ನದೇ. ಕುಂಡಗಳಿಗೆ ಸಿಕ್ಕಿಸುವ ಐಸ್‌ಕ್ರೀಂ ಕಡ್ಡಿಗಳ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕೆಂಬುದು ನಮ್ಮಲ್ಲಿ ಮೊದಲ ದಿನವೇ ಕಲಿಸುವ ಪಾಠ. ಅಕ್ಷರ ಅಂದವಾಗಿ ಕಾಣಲೆಂದು ನಾನು ಇಂಕು ಪೆನ್ನಿನಲ್ಲಿ ಬರೆದಿದ್ದೆ; ನೀರು ಬಿದ್ದು ಅದು ಅಳಿಸಿದಾಗ ಯಾರಿಗೂ ಹೇಳದೆ ನೆನಪಿನಿಂದ ಮತ್ತೆ ಬರೆದಿದ್ದೆ. ಮನೆಗೆ ಉಪ್ಪು ತರುವುದನ್ನೂ ಮರೆಯುವ ನೆನಪು ಅದು. ಹಾಗಾದರೆ ಹಿತ್ತಲಿನ ಆ ನಾಲ್ಕು ಗಿಡಗಳು ಯಾವುವು? ನಾವು ಸೇರಿಸಿದ್ದು ವಿಷವಲ್ಲ, ನಿಜ. ಆದರೆ ಯಾರೂ ತಿಂದು ನೋಡದ, ಪರೀಕ್ಷೆಯೇ ಮುಗಿಯದ ಕಾಯನ್ನು ಬಸುರಿಯ ತಟ್ಟೆಗೆ ಬಡಿಸುವ ಅಧಿಕಾರವನ್ನು ನನಗೆ ಕೊಟ್ಟವರಾರು?

ಅಂದು ಸಂಜೆ ಹಿತ್ತಲಿಗೆ ಹೋಗಿ, ಹುಳ ಬಿದ್ದಿದೆಯೇ ನೋಡುತ್ತೇನೆಂದು ಮುನಿಯಪ್ಪನವರಿಗೆ ಹೇಳಿ, ನಾಲ್ಕೂ ಗಿಡಗಳಿಂದ ಒಂದೊಂದು ಎಲೆ ಕಿತ್ತೆ. "ಎರಡು ದಿನ ಕಾಯಿ ಕೀಳಬೇಡಿ" ಎಂಬ ಒಂದೇ ಒಂದು ಮಾತನ್ನು ಮಾತ್ರ ಹೇಳದೆ ಮೆಟ್ಟಿಲು ಹತ್ತಿದೆ. ಹೇಡಿತನಕ್ಕೂ ಒಂದು ಜೀನಿದ್ದರೆ ಅದು ನನ್ನಲ್ಲಿ ಬಲವಾಗಿಯೇ ಕೂತಿರಬೇಕು.

ಮರುದಿನ ಆ ಎಲೆಗಳ ಚೂರನ್ನೂ, ನೀಲಿಯಾಗಲೇಬೇಕಾದ ಗಿಡವೊಂದರ ಚೂರನ್ನೂ ದ್ರಾವಣಕ್ಕಿಳಿಸಿದೆ; ಆ ಕೊನೆಯದೂ ನೀಲಿಯಾಗದಿದ್ದರೆ ದ್ರಾವಣವೇ ಕೆಟ್ಟಿದೆಯೆಂದು ಅರ್ಥ, ಬಿಳಿಯನ್ನು ನಂಬುವಂತಿಲ್ಲ. ಅದರ ಮರುದಿನ ಆಲ್ಕೋಹಾಲು ಬದಲಿಸುತ್ತ ಬದಲಿಸುತ್ತ ಕೂತೆ. ನೀಲಿಯಾಗಲೆಂದು ವರ್ಷಗಟ್ಟಲೆ ದೇವರಿಗೆ ಕೈಮುಗಿದವನು ಅಂದು ಬಿಳಿಯಾಗಲೆಂದು ಬೇಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪ್ರಯೋಗಾಲಯದ ಚೂರು ಅಚ್ಚ ನೀಲಿ. ಮಿಕ್ಕ ನಾಲ್ಕೂ ಹಸಿರು ಕಳೆದು, ನೆನೆದ ಅವಲಕ್ಕಿಯಷ್ಟು ಬೆಳ್ಳಗೆ. ಹಿತ್ತಲಿನ ಗಿಡಗಳು ಸಾಧಾರಣವೇ.

ಮುಖ್ಯಸ್ಥೆಯಾಗಿದ್ದ ಮೇಡಂ ಬಳಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಗಾಜಿನ ಮನೆಯ ಬೀಗದ ಕೈ ಕಸಿದುಕೊಂಡು ಒಂದು ಪೆನ್ಸಿಲ್ ಕೊಟ್ಟರು. ಮನೆಗೆ ಬಂದು ಮುನಿಯಪ್ಪನವರ ಜಗಲಿಯಲ್ಲಿ ಅದೇ ಕಥೆಯನ್ನು ತಡವರಿಸುತ್ತ ಹೇಳಿದೆ. ಅವರು ಬೀಡಿ ಆರಿಸಿದರು.

"ಗೊತ್ತಿತ್ತು ಬಿಡಿ ಸಾರ್. ಏನು ಅಂತ ಗೊತ್ತಿರ್ಲಿಲ್ಲ, ಏನೋ ಐತೆ ಅಂತ ಗೊತ್ತಿತ್ತು. ಹುಳ ನೋಡ್ತೀನಿ ಅಂತ ಎಲೆ ಕಿತ್ರಲ್ಲ, ಆವಾಗ್ಲೇ ನಿಮ್ ಮುಖ ಸರಿ ಇರ್ಲಿಲ್ಲ. ಅದಕ್ಕೇ ಮಗಳಿಗೆ ಅಂಗಡಿ ಕಾಯಿ ತಂದು ಗೊಜ್ಜು ಮಾಡಿಸ್ದೆ. ನೀವಾಗೇ ಬಂದು ಹೇಳ್ತೀರ ಅಂತ ಸುಮ್ನಿದ್ದೆ." ಆಮೇಲೆ ಹಿತ್ತಲಿನ ಕಡೆ ನೋಡಿ ಕೇಳಿದರು, "ಈಗ ಕೀಳ್ಲಾ?"

"ಕೀಳಿ" ಎಂದೆ.

ಎಲೆಯೊಂದರ ಒಳಗನ್ನು ಅರಿಯಲು ನನಗೆ ಎರಡು ದಿನ ಹಿಡಿದಿತ್ತು. ನನ್ನ ಒಳಗನ್ನು ಅರಿಯಲು ಆ ರೈತನಿಗೆ ಒಂದು ನೋಟ ಸಾಕಾಗಿತ್ತು. ಸಂಜೆ ಲಕ್ಷ್ಮಿ ಒಂದು ಬಟ್ಟಲು ಗೊಜ್ಜನ್ನು ಮಹಡಿಗೆ ಕಳಿಸಿದಳು; ಖಾರ ಹೆಚ್ಚಾಗಿತ್ತು, ಬಟ್ಟಲು ಬಳಿದು ತಿಂದೆ.

ಆ ಒಂದು ಭಾನುವಾರ ಮಾತ್ರ ಅಂಗಿಗಳನ್ನು ಬರೀ ನೀರಿನಲ್ಲಿ ಜಾಲಿಸಿ ಹರವಿದೆ. "ರೀ, ನೀಲಿ ಹಾಕೋದು ಮರೆತ್ರಾ?" ಎಂದಳು ಹೆಂಡತಿ. ಮರೆತಿರಲಿಲ್ಲ.