ಮುಟ್ಟದೆ ಇಟ್ಟ ಕಾಫಿ

ಸತ್ತವರು ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಊರಲ್ಲಿ ಚಿಕ್ಕಮ್ಮ ಅಂಥ ಕಥೆ ತೆಗೆದರೆ, ಒಲೆಯ ಮೇಲೆ ಹಾಲಿದೆ ಎಂದು ನೆಪ ಹೇಳಿ ಎದ್ದು ಹೋಗುತ್ತಿದ್ದವಳು ನಾನೇ. ದುಬೈಗೆ ಬಂದು ಡಯಾಲಿಸಿಸ್ ನರ್ಸ್ ಆದ ಮೇಲಂತೂ ಎಷ್ಟೋ ಜನ ಕಣ್ಣೆದುರೇ ಹೋದರು; ಒಬ್ಬರೂ ತಿರುಗಿ ಬಂದು ಮಾತಾಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ದುಬೈನ ಸತ್ವಾ ಬಡಾವಣೆಯ ನಮ್ಮ ಸಣ್ಣ ಕ್ಲಿನಿಕ್ಕಿಗೆ ಇಬ್ಬರು ವಯಸ್ಸಾದವರು ಬರುತ್ತಿದ್ದರು. ಇಬ್ಬರೂ ಸಮುದ್ರದಾಚೆಯ ಒಂದೇ ದೇಶದವರು. ಅಲ್ಲಿನ ಅಂತರ್ಯುದ್ಧದಲ್ಲಿ ಒಬ್ಬರು ಸರ್ಕಾರಿ ಸೇನೆಯ ಬ್ರಿಗೇಡಿಯರ್, ಇನ್ನೊಬ್ಬರು ಬಂಡಾಯದವರ ಕಮಾಂಡರ್. ಒಂದೇ ಊರಿಗಾಗಿ ವರ್ಷಗಟ್ಟಲೆ ಎದುರುಬದುರು ಕಾದಾಡಿದವರು. ಈಗ ಇಬ್ಬರ ಕಿಡ್ನಿಯೂ ಕೈಕೊಟ್ಟಿತ್ತು. ಮುಖಾಮುಖಿ ಆಗದಿರಲಿ ಎಂದು ಒಬ್ಬರಿಗೆ ಇವತ್ತಾದರೆ ಇನ್ನೊಬ್ಬರಿಗೆ ನಾಳೆ ಎಂದು ಪಾಳಿ ಕೊಟ್ಟಿದ್ದೆವು. ಕಿಟಕಿ ಪಕ್ಕದ ಕುರ್ಚಿ ಮಾತ್ರ ಅದೇ, ಮೆಷಿನ್ನೂ ಅದೇ.

"ಅಲ್ಲಿ ಊರಿಗೆ ಹೊಡೆದಾಡಿದ್ದು ಸಾಲದೆ ಇಲ್ಲಿ ಕುರ್ಚಿಗೂ ಯುದ್ಧ ಶುರು ಮಾಡಿದ್ರೆ ಎಂತ ಮಾಡುದು ಅಕ್ಕ?" ಎಂದು ರಿಸೆಪ್ಶನ್ನಿನ ಹಮೀದ್ ನಗುತ್ತಿದ್ದ. ಅವನು ಉಳ್ಳಾಲದವನು, ಬಾಯಿ ಸುಮ್ಮನಿರುವುದಿಲ್ಲ.

ಯುದ್ಧವೇನೂ ಆಗಲಿಲ್ಲ. ಬದಲಿಗೆ ಸೂಜಿ ಚುಚ್ಚುವಾಗ ಇವರು ಅವರನ್ನು ವಿಚಾರಿಸುತ್ತಿದ್ದರು, ಅವರು ಇವರನ್ನು. "ಅವನು ಸರಿಯಾಗಿ ಊಟ ಮಾಡುತ್ತಾನಾ, ಸಿಸ್ಟರ್?" ಒಬ್ಬ ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. "ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ, ಆರಾಮ ಇದ್ದಾರೆ" ಎಂದಷ್ಟೇ ಹೇಳುತ್ತಿದ್ದೆ.

ಅವರ ಕಥೆಗಳನ್ನು ಹೀಗೇ ಚೂರುಚೂರಾಗಿ ಕೇಳಿಸಿಕೊಂಡೆ. ಬೆಳಿಗ್ಗೆ ಹೆಂಗಸರು ಬಾವಿಗೆ ಬರುವ ಹೊತ್ತಿಗೆ ಗುಡ್ಡದ ಮೇಲಿನ ಕಮಾಂಡರರ ತೋಪುಗಳು ಸುಮ್ಮನಾಗುತ್ತಿದ್ದವಂತೆ. ಅದನ್ನು ಕಂಡು ಬ್ರಿಗೇಡಿಯರ್ ತಮ್ಮವನ್ನೂ ನಿಲ್ಲಿಸಿದರು. ಮಾತಿಲ್ಲ, ಒಪ್ಪಂದವಿಲ್ಲ, ಕೊಡಗಳು ತುಂಬುವವರೆಗೆ ಎರಡೂ ಕಡೆ ಮೌನ. ಕೊನೆಗೆ ಊರು ಬ್ರಿಗೇಡಿಯರರ ಕೈಸೇರಿದಾಗ ಅವರು ಮೊದಲು ಮಾಡಿದ ಕೆಲಸ, ಕಮಾಂಡರರ ತಾಯಿಯ ಮನೆಗೆ ಕಾವಲು ಹಾಕಿದ್ದು. ಒಬ್ಬರ ದೊಡ್ಡಸ್ತಿಕೆಯನ್ನು ನಾನು ಕೇಳಿದ್ದು ಇನ್ನೊಬ್ಬರ ಬಾಯಿಂದಲೇ. ಮನೆಯಲ್ಲಿ ಪಾಲಿನ ಜಗಳಕ್ಕೆ ಅಣ್ಣತಮ್ಮಂದಿರು ಮುಖ ನೋಡದಿರುವುದನ್ನು ಕಂಡಿದ್ದ ನನಗೆ ಇದು ಹೊಸದಾಗಿತ್ತು.

ಆದರೆ ಬ್ರಿಗೇಡಿಯರರಿಗೆ ಒಂದು ಕೊರಗಿತ್ತು. ಸೇನೆಯಲ್ಲೇ ಇದ್ದ ಅವರ ಮಗ ಆ ಗುಡ್ಡ ಹತ್ತಿದವನು ಇಳಿಯಲಿಲ್ಲ. ಎಲ್ಲಿ ಬಿದ್ದ, ಮಣ್ಣು ಸಿಕ್ಕಿತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಹೆಂಡತಿ ಇಂದಿಗೂ ಅವನಿಗೊಂದು ತಟ್ಟೆ ಇಡುತ್ತಾಳೆ ಎಂದರು. "ಕಮಾಂಡರರನ್ನು ನಾನೇ ಕೇಳಲಾ?" ಎಂದೆ. ಅವರು ಕೈ ಹಿಡಿದುಕೊಂಡು ಬೇಡ ಎಂದರು. "ಗೊತ್ತಿಲ್ಲ ಅಂದುಬಿಟ್ಟರೆ ಅವಳಿಗೆ ಏನು ಹೇಳಲಿ? ಕೇಳದಿದ್ದರೆ ಆಸೆಯಾದರೂ ಉಳಿಯುತ್ತದೆ." ನಾನು ಕೇಳಲಿಲ್ಲ.

ಆಮೇಲೆ ಕಮಾಂಡರ್ ಅಬುಧಾಬಿಯ ಮಗಳ ಮನೆಗೆ ಹೋದರು. ಅಲ್ಲಿಯೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಿತ್ತು.

ಅದೊಂದು ಮಾಮೂಲಿ ಮಧ್ಯಾಹ್ನ. ಬ್ರಿಗೇಡಿಯರ್ ಕುರ್ಚಿಯಲ್ಲಿದ್ದರು. ಅವರ ಹೆಂಡತಿ ಕಳಿಸಿದ್ದ ಫ್ಲಾಸ್ಕಿನಿಂದ, ಕಿಡ್ನಿ ರೋಗಿಗೆ ನೀರು ಅಳತೆಯಲ್ಲೇ ಇರಬೇಕೆಂದು, ಏಲಕ್ಕಿ ಹಾಕಿದ ಗಾವಾ ಕಾಫಿಯನ್ನು ಪುಟ್ಟ ಬಟ್ಟಲಿಗೆ ಒಂದು ಗುಟುಕಷ್ಟು ಬಗ್ಗಿಸಿ ಕುಡಿಸಿದ್ದೆ. ತಲೆಯೆತ್ತಿದರೆ ಎದುರಿನ ಸ್ಟೂಲಿನಲ್ಲಿ ಕಮಾಂಡರ್ ಕೂತಿದ್ದಾರೆ. ಬಿಳಿ ಜುಬ್ಬಾ, ಊರುಗೋಲು, ತಲೆಯಲ್ಲಿ ಮುಂಡಾಸಿಲ್ಲ. ವಾಪಸು ಬಂದಿರಬೇಕು ಎಂದುಕೊಂಡು ಅವರಿಗೂ ಒಂದು ಬಟ್ಟಲು ಕೊಟ್ಟೆ.

ಅವರು ಅದನ್ನು ಪಕ್ಕದ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ನಮ್ಮ ಕಡೆ ನೆಂಟರು ಕಾಫಿ ಮುಟ್ಟಲಿಲ್ಲವೆಂದರೆ ರುಚಿಸಲಿಲ್ಲ ಅಥವಾ ಆರಿಹೋಯಿತು ಅಂತ ಲೆಕ್ಕ. ಬೇರೆ ಕೊಡೋಣವೆಂದು ಬಟ್ಟಲಿಗೆ ಕೈಹಾಕಿದೆ.

"ಮುಟ್ಟಬೇಡಿ ಸಿಸ್ಟರ್," ಬ್ರಿಗೇಡಿಯರ್ ಗದರಿಯೇ ಬಿಟ್ಟರು. "ನಮ್ಮಲ್ಲಿ ಇದರ ಅರ್ಥ, ಬಂದವನು ಏನೋ ಕೇಳಲು ಬಂದಿದ್ದಾನೆ. ನಾನು ಹೂಂ ಅನ್ನುವ ತನಕ ಅವನು ಕುಡಿಯುವುದಿಲ್ಲ. ಎತ್ತಿಬಿಟ್ಟರೆ ಆಗುವುದಿಲ್ಲ ಹೋಗು ಅಂದ ಹಾಗೆ." ಆಮೇಲೆ ಕಮಾಂಡರರತ್ತ ತಿರುಗಿ, "ಏನೇ ಇರಲಿ, ಕೊಟ್ಟೆ" ಎಂದರು.

ಕಮಾಂಡರ್ ಮೆಲ್ಲಗೆ ಹೇಳಿದರು. "ನಿನ್ನ ಮಗ ನಮ್ಮ ಗುಡ್ಡದ ಮೇಲೆ ಬಿದ್ದ. ಬೆನ್ನು ತೋರಿಸಲಿಲ್ಲ. ಬಾವಿಯ ಪೂರ್ವಕ್ಕೆ ಬೋರೆ ಮರ ಇದೆಯಲ್ಲ, ಅದರ ಬುಡದಲ್ಲಿ ನಾನೇ ಮಣ್ಣು ಮಾಡಿದೆ, ನನ್ನ ಮುಂಡಾಸು ಹೊದಿಸಿ. ಇಷ್ಟು ವರ್ಷ ಹೇಳಲು ಬಾಯಿ ಬರಲಿಲ್ಲ. ಅವನ ತಾಯಿ ನನ್ನನ್ನು ಕ್ಷಮಿಸಬೇಕು."

ಬ್ರಿಗೇಡಿಯರ್ ಬಟ್ಟಲಿನತ್ತ ಕೈ ತೋರಿಸಿದರು. "ಕೊಟ್ಟೆ ಅಂದೆನಲ್ಲ. ಕುಡಿ, ಆರುತ್ತದೆ."

ಕಮಾಂಡರ್ ಕುಡಿದರು. ಸಾಕು ಎನ್ನಲು ಅವರಲ್ಲಿ ಬಟ್ಟಲನ್ನು ಅಲುಗಾಡಿಸುವ ಪದ್ಧತಿ; ಹಾಗೆಯೇ ಅಲುಗಾಡಿಸಿ ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಆಚೆಯ ಮೆಷಿನ್ ಕೂಗಿತು. ಅದನ್ನು ನೋಡಿ ಬರುವಷ್ಟರಲ್ಲಿ ಸ್ಟೂಲು ಖಾಲಿ. ನಾನು ಬಟ್ಟಲು ತೊಳೆದಿಟ್ಟೆ.

ಸಂಜೆ ಹಮೀದ್ ಒಳಗೆ ಬಂದ. "ಅಕ್ಕ, ಅಬುಧಾಬಿಯಿಂದ ಮಗಳು ಫೋನ್ ಮಾಡಿದ್ರು. ಕಮಾಂಡರ್ ಬೆಳಿಗ್ಗೆಯೇ ತೀರಿಕೊಂಡ್ರಂತೆ. ಮಧ್ಯಾಹ್ನ ದಫನ್ ಕೂಡ ಆಯ್ತಂತೆ."

"ಮಧ್ಯಾಹ್ನ ಇಲ್ಲಿಗೆ ಬಂದಿದ್ರಲ್ಲ ಮಾರಾಯ!"

"ನಾನು ಬಾಗಿಲಲ್ಲೇ ಇದ್ದೆ. ಒಂದು ನೊಣ ಸಹ ಒಳಗೆ ಹೋಗ್ಲಿಲ್ಲ. ನೀವು ಊಟ ಮಾಡಿದ್ದೀರಾ ಇಲ್ವಾ?"

ಬ್ರಿಗೇಡಿಯರರಿಗೆ ಬಿ.ಪಿ. ಇಳಿದು ಏನೋ ಕಂಡಿತು ಎನ್ನೋಣ. ನನ್ನ ಬಿ.ಪಿ.ಗೆ ಏನಾಗಿತ್ತು? ಎರಡನೆಯ ಬಟ್ಟಲನ್ನೂ ಅವರೇ ಕುಡಿದರು ಎನ್ನಲು ಸೂಜಿ ಹಾಕಿಸಿಕೊಂಡು ಕೂತವರಿಗೆ ಆ ಮೇಜು ಕೈಗೆಟುಕುತ್ತಿರಲಿಲ್ಲ. ಇಷ್ಟರ ಮೇಲೆ, ಯುದ್ಧದಿಂದ ಮುಚ್ಚಿದ್ದ ದಾರಿ ತೆರೆದಾಗ ಬ್ರಿಗೇಡಿಯರರ ತಂಗಿಯ ಮಗ ಆ ಊರಿಗೆ ಹೋಗಿ ಬಂದ. ಬಾವಿಯ ಪೂರ್ವಕ್ಕೆ ಬೋರೆ ಮರ ಇತ್ತು. ಬುಡದಲ್ಲಿ ಅಗೆದರೆ ಮಗನೂ ಇದ್ದ, ಮುಂಡಾಸಿನ ಬಟ್ಟೆಯೂ ಇತ್ತು. ತಟ್ಟೆ ಇಡುವುದನ್ನು ತಾಯಿ ಅಂದಿಗೆ ನಿಲ್ಲಿಸಿದರಂತೆ.

ಬ್ರಿಗೇಡಿಯರ್ ಈಗ ಇಲ್ಲ. "ಕಮಾಂಡರ್ ಬಂದಿದ್ದು ನಿಜವಾ?" ಎಂದು ಅವರನ್ನು ಒಮ್ಮೆ ಕೇಳಿದ್ದೆ. "ಬಗ್ಗಿಸಿ ಕೊಟ್ಟವರು ನೀವು, ನನ್ನನ್ನು ಕೇಳುತ್ತೀರಲ್ಲ" ಎಂದು ನಕ್ಕಿದ್ದರು. ಅಂದಿನಿಂದ ನಮ್ಮ ಮನೆಗೆ ಬಂದವರು ಯಾರಾದರೂ ಕಾಫಿ ಮುಟ್ಟದೆ ಕೂತರೆ, ಆರಿಹೋದರೂ ಸರಿ, ನಾನು ಲೋಟ ಎತ್ತುವುದಿಲ್ಲ. ಪಕ್ಕದಲ್ಲಿ ಕೂತು, ಏನಾಯಿತು ಹೇಳಿ ಎಂದು ಕೇಳುತ್ತೇನೆ.