ಕೆಂಪು ಬಳಿದ ಹಳದಿ ಟ್ರ್ಯಾಕ್ಟರ್

ಹೆಗ್ಗನಹಳ್ಳಿಯಲ್ಲಿ ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಚಿಕ್ಕಪ್ಪ ಕಟ್ಟಿಸಿದ ಬಾಡಿಗೆ ಮನೆಗಳ ಕಟ್ಟಡವಿದೆ. ಹೋದ ಆಯುಧಪೂಜೆಗೆ ಅದರ ಗೇಟಿನ ಮುಂದೆ ಹಳೇ ಟ್ರ್ಯಾಕ್ಟರೊಂದು ಪ್ರತ್ಯಕ್ಷವಾಯಿತು. ಮಿರಮಿರ ಮಿಂಚುವ ಕೆಂಪು ಬಣ್ಣ, ಚೆಂಡುಹೂವಿನ ಹಾರ, ಮೇಲೊಂದು ಬೋರ್ಡು: 'ನಮ್ಮ ಹಿರಿಯರು ಹೊಲ ಉತ್ತ ಟ್ರ್ಯಾಕ್ಟರ್'. ಬಾಡಿಗೆಯವರು ಭಕ್ತಿಯಿಂದ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ನಾನು ತಾತನ ಟ್ರ್ಯಾಕ್ಟರಿನ ಮೇಲೆ ಕೂತು ಬೆಳೆದವನು. ಕೆಸರಿನಲ್ಲಿ ಜಾರದಿರಲೆಂದು ಅದರ ಹಿಂದಿನ ಟೈರಿಗೆ ದಪ್ಪ ಓರೆ ಪಟ್ಟಿಗಳಿದ್ದವು. ನೇಗಿಲು ಎತ್ತಲು ಹಿಂದೆ ಕಬ್ಬಿಣದ ತೋಳುಗಳಿದ್ದವು. ಇದಕ್ಕೋ ಲಾರಿಯಂಥ ಟೈರು, ಹಿಂದೆ ನೇಗಿಲು ಸಿಕ್ಕಿಸಲು ಜಾಗವೇ ಇಲ್ಲ. ಮುಂದೆ ಮಾತ್ರ ಮಣ್ಣು ತಳ್ಳುವ ಬಕೆಟ್ ಕೂರಿಸುವ ಚೌಕಟ್ಟು. ಉಗುರಿನಿಂದ ಕೆರೆದರೆ ಕೆಂಪಿನ ಕೆಳಗೆ ಹಳದಿ ಬಣ್ಣ ಬಂತು.

"ಚಿಕ್ಕಪ್ಪ, ಇದು ಕಟ್ಟಡದ ಕೆಲಸಕ್ಕೆ ಮಾಡಿದ್ದು. ಜನ್ಮದಲ್ಲಿ ಒಂದು ಸಾಲೂ ಉತ್ತಿಲ್ಲ!" ಎಂದು ರೇಗಿದೆ.

ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದ ಚಿಕ್ಕಪ್ಪ ತಲೆಯನ್ನೂ ಎತ್ತಲಿಲ್ಲ. "ಗೊತ್ತು ಕಣೋ. ನಿಮ್ ತಾತಂದು ಗುಜರಿಗೆ ಹೋಯ್ತು. ಹೊಲಾನ ಸಮ ಮಾಡಿ ಸೈಟ್ ಮಾಡಿದ್ದು ಇಂಥದ್ದೇ. ಮೇಲಿನ ಮಹಡಿ ಬಾಡಿಗೆ ನಿಂಗೆ ಬರ್ತಿರೋದು ಇದ್ರಿಂದ್ಲೇ. ಕೈ ಮುಗಿ."

ಮುಗಿದೆ.