ಪೇರಲ ಗಿಡಕ್ಕೆ ಸುತ್ತಿದ ದ್ರಾಕ್ಷಿ ಬಲೆ

ಹೋದ ಬೇಸಿಗೆಯಲ್ಲಿ ನಾನು ಕೂತು ಉಂಡ ನೆನಪಿಲ್ಲ. ಒಲೆಯ ಮುಂದೆ ನಿಂತೇ ಅರ್ಧ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಬಾಯಿಗೆ ಹಾಕಿಕೊಂಡು, ಸೆರಗಿಗೆ ಕೈ ಒರೆಸುತ್ತ ಬಸ್ಸಿಗೆ ಓಡುವುದು. ಮುಗಳಖೋಡದ ಹಾದಿಯ ಒಂದು ಹಳ್ಳಿಯಲ್ಲಿ ನಾನು ಪಾಠ ಹೇಳುವ ಶಾಲೆ. ಸಂಜೆ ಬಂದರೆ ಮತ್ತೆ ಒಲೆ, ಎಮ್ಮೆ, ಪಾತ್ರೆ. ನಮ್ಮ ಮನೆಯವರು ಕಬ್ಬಿಗೆ ನೀರು ಹಾಯಿಸುವುದೊಂದನ್ನು ಬಿಟ್ಟರೆ ಉಳಿದ ಎಲ್ಲ ಕೆಲಸಕ್ಕೂ "ನಾಳೆ" ಎನ್ನುವ ಮನುಷ್ಯ. ನಾನು ಬಿದ್ದರೆ ಎತ್ತುವವರಿಲ್ಲ ಎಂಬ ಸಿಟ್ಟಿಗೇ ನಾನು ಬೀಳದೆ ಉಳಿದೆ ಅಂತ ಈಗ ಅನಿಸುತ್ತದೆ.

ಆ ಬೇಸಿಗೆಗೆ ಮಗಳು ಮನೆಗೆ ಬಂದಿದ್ದಳು. ಅವಳನ್ನು ನಿಪ್ಪಾಣಿ ಕಡೆ ಕೊಟ್ಟಿದ್ದೇವೆ. ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲಲಿಲ್ಲ. ಮೂರನೆಯ ಸಲ ಡಾಕ್ಟರಮ್ಮ ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಆದಷ್ಟು ಮಲಗಿಯೇ ಇರಬೇಕು ಎಂದು ಹೇಳಿದ್ದರು. ನಮ್ಮಲ್ಲಿ ಕುಬಸ, ಅಂದರೆ ಸೀಮಂತ, ಮಾಡಿಯೇ ಮಗಳನ್ನು ತವರಿಗೆ ಕರೆತರುವುದು. ಈ ಸಲ ಅದಕ್ಕೆಲ್ಲ ಕಾಯದೆ ಕರೆತಂದೆವು. ಕುಬಸದ ಮಾತನ್ನು ಬೀಗರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮೊದಲ ಸಲದ ಕುಬಸಕ್ಕೆಂದು ತಂದ ಹಸಿರು ಸೀರೆ ಮಡಿಕೆ ಬಿಚ್ಚದೆ ಟ್ರಂಕಿನ ತಳದಲ್ಲಿತ್ತು.

ಹಿತ್ತಲ ಕಡೆಯ ಕೋಣೆಯಲ್ಲಿ ಕಿಟಕಿಗೆ ಹತ್ತಿಸಿ ಅವಳ ಮಂಚ ಹಾಕಿದೆವು. ಕಿಟಕಿಯ ಎದುರಿಗೇ ಪೇರಲ ಗಿಡ. ಅದರಾಚೆ ಮೋಟುಗೋಡೆ, ಗೋಡೆಯಾಚೆ ನಮ್ಮದೇ ಕಬ್ಬು. ಅವಳು ಬಂದ ವಾರದಲ್ಲೇ ಒಂದು ಜೋಡಿ ಬುಲ್‌ಬುಲ್ ಆ ಗಿಡದಲ್ಲಿ ಗೂಡು ಕಟ್ಟಲು ಶುರು ಮಾಡಿದವು. ಪಾಠದ ಪುಸ್ತಕದಲ್ಲಿ ಪಿಕಳಾರ ಎಂದು ಬರೆದಿರುತ್ತದೆ, ನಮ್ಮ ಕಡೆ ಹಾಗೆ ಯಾರೂ ಕರೆಯುವುದಿಲ್ಲ. ಮಗಳಿಗೆ ಮೊಬೈಲು ನೋಡಿ ನೋಡಿ ತಲೆನೋವು ಬರುತ್ತಿತ್ತು. ಅದನ್ನು ಬದಿಗಿಟ್ಟು ಹಕ್ಕಿ ನೋಡುತ್ತ ಮಲಗತೊಡಗಿದಳು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವಳ ಹತ್ತಿರ ವರದಿ ಸಿದ್ಧ ಇರುತ್ತಿತ್ತು: ಇವತ್ತು ಗಂಡು ಹಗ್ಗದ ನೂಲು ತಂದಿತು, ಹೆಣ್ಣಿಗೆ ಅದು ಪಸಂದ ಬರಲಿಲ್ಲ, ಕಿತ್ತು ಒಗೆಯಿತು.

ಮೊಟ್ಟೆ ಬಂದವು. ಆಗಲೇ ಸಕ್ಕರೆ ಕಾರ್ಖಾನೆಯ ಗ್ಯಾಂಗು ಬಂದು ಗೋಡೆಯಾಚೆಯ ಕಬ್ಬು ಕಡಿದುಹೋಯಿತು. ಕಬ್ಬು ಕಡಿದರೆ ಇಲಿ ಮನೆಗೆ ಬರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ. ಇದು ಪ್ರತಿ ವರ್ಷದ ಕಥೆ. ಒಂದು ಮಧ್ಯಾಹ್ನ ಕೇರೆ ಹಾವು ಗೋಡೆ ಇಳಿದು, ಪೇರಲ ಗಿಡ ಹತ್ತಿ, ಮೊಟ್ಟೆ ನುಂಗಿ ಹೋಯಿತು. ಮಗಳು ಕಿಟಕಿಯಿಂದ ಅಷ್ಟನ್ನೂ ನೋಡಿದ್ದಳು. ನಾನು ಬಂದಾಗ ಕಿಟಕಿಗೆ ಬೆನ್ನು ಮಾಡಿ ಮಲಗಿದ್ದಳು. ರಾತ್ರಿ ಉಣ್ಣಲಿಲ್ಲ. ಅವಳ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಿದೆ ಅಂದುಕೊಂಡೆ. ಖಾಲಿ ಗೂಡನ್ನು ಅವಳು ಅಪಶಕುನ ಎಂದು ತಿಳಿದಳು, ಇನ್ನು ಇವಳಿಗೆ ಧೈರ್ಯ ಉಳಿಯುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ.

ಹಕ್ಕಿಗಳಿಗೆ ನಮ್ಮಷ್ಟು ದುಃಖ ಮಾಡಲು ಪುರುಸೊತ್ತು ಇರುವುದಿಲ್ಲ. ಕೆಲವೇ ದಿನಗಳಲ್ಲಿ ಅದೇ ಗಿಡದಲ್ಲಿ, ಇನ್ನೊಂದು ಟೊಂಗೆಗೆ, ಮತ್ತೆ ಗೂಡು ಕಟ್ಟತೊಡಗಿದವು. ಮಗಳು ಮತ್ತೆ ಕಿಟಕಿಯ ಕಡೆ ತಿರುಗಿ ಮಲಗಿದಳು. ಆಗ ನಾನು ಪಣ ತೊಟ್ಟೆ. ಈ ಸಲ ಆ ಗೂಡನ್ನು ಉಳಿಸಿಯೇ ತೀರಬೇಕು. ಯಡೂರಿನ ವೀರಭದ್ರನಿಗೆ ಕೈ ಮುಗಿದು ಮಗಳ ಹೊಟ್ಟೆಯದನ್ನು ಕಾಯಪ್ಪ ಅಂದೆ, ಹಾಗೇ ಆ ಗೂಡನ್ನೂ ಕಾಯಪ್ಪ ಅಂದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಗೆ ಬೇಡಿಕೊಂಡೆನೋ ಗೊತ್ತಿಲ್ಲ.

ಹಾವನ್ನು ಹೊಡೆಯುವ ಮಾತೇ ಇರಲಿಲ್ಲ. "ಧಾಮಣ ಅದು. ಇಲಿ ತಿಂದ ನಮ್ಮ ಕಬ್ಬ ಉಳಸತೈತಿ. ಅದನ್ನ ಯಾಂವ ಬಡಿತಾನ?" ಎಂದರು ನಮ್ಮ ಮನೆಯವರು. ಕೇರೆಗೆ ನಮ್ಮ ಕಡೆ ಧಾಮಣ ಎನ್ನುವುದು. ಪಕ್ಕದ ಮನೆಯ ಚಾಚಿ ದಿನಾ ಸಂಜೆ ಮಗಳಿಗೆಂದು ಮಾವಿನಕಾಯಿಯನ್ನೋ ಹುಣಸೆ ಚಿಗುರನ್ನೋ ಸೆರಗಿನಲ್ಲಿ ತರುತ್ತಿದ್ದಳು. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು: "ಬಸರ ಹೆಂಗಸ ಇದ್ದ ಮನ್ಯಾಗ ಹಾವಿಗೆ ಒಂದ ಕಲ್ಲ ಸೈತ ಒಗೀಬಾರದ್ರಿ ಅಕ್ಕೋರ. ನಿಮ್ಮಾಗೂ ಹಂಗ, ನಮ್ಮಾಗೂ ಹಂಗ." ಆಮೇಲೆ ಮಗಳ ಕಡೆ ತಿರುಗಿ ನಕ್ಕಳು: "ನಿನಗೇನ ಅಂಜಿಕಿ ಬೇಟಾ? ಬಸರ ಹೆಂಗಸಿನ ನೆರಳ ಬಿದ್ರ ಹಾವಿಗೆ ಕಣ್ಣ ಕಾಣಂಗಿಲ್ಲ. ಇದ್ದಲ್ಲೇ ಸುಮ್ಮನ ಬೀಳತೈತಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಈಗ ಅದು ನನ್ನ ಹಿತ್ತಲಿಗೇ ಬಂದು ನಿಂತಿತ್ತು. ಜಾಲಿ ಮುಳ್ಳು ತಂದು ಗಿಡದ ಬುಡಕ್ಕೆ ಒಟ್ಟಿದೆ. ಕೈಗೆ ಚುಚ್ಚಿಸಿಕೊಂಡಿದ್ದು ನಾನು, ಹಾವು ಮುಳ್ಳಿನ ಸಂದಿಯಲ್ಲೇ ಹರಿದಾಡಿದ್ದನ್ನು ಮಗಳು ನೋಡಿದಳು. ಫಿನಾಯಿಲ್ ಸುರಿದೆ, ಆ ವಾಸನೆಗೆ ಮಗಳಿಗೆ ವಾಂತಿ ಆಯಿತು. ಗೋಡೆಗೆ ತಾಗುವ ಟೊಂಗೆಗಳನ್ನು ಕುಡಗೋಲಿನಿಂದ ಕಡಿದೆ. ಅದೊಂದೇ ನಾನು ಸರಿಯಾಗಿ ಮಾಡಿದ ಕೆಲಸ. ಇನ್ನು ಉಳಿದ ದಾರಿ ಬುಡದಿಂದ ಹತ್ತುವುದೊಂದೇ. ಅದಕ್ಕೆ ಉಪಾಯ ಹೇಳಿದವರು ನಮ್ಮ ಮನೆಯವರೇ.

"ಬುಡಕ್ಕ ಸುತ್ತೂ ಒಂದ ತಗಡ ಬಡದ್ರ ಆತು. ಜಾರತೈತಿ, ಹತ್ತಾಕ ಬರಂಗಿಲ್ಲ. ನಾಳೆ ಪ್ಯಾಟಿಗಿ ಹೋದಾಗ ತರತೇನಿ."

ಆ ನಾಳೆ ಬರಲಿಲ್ಲ. ದಿನಾ ಸಂಜೆ ನಾನು "ತಗಡ?" ಎನ್ನುವುದು, ಅವರು ಹಣೆ ಬಡಿದುಕೊಳ್ಳುವುದು. ಜಗಳ ಆಡುವುದಕ್ಕೂ ತ್ರಾಣ ಬೇಕು. ಪರೀಕ್ಷೆಯ ದಿನಗಳು ಬೇರೆ. ಒಂದು ಸಲ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಹೋಗಿ, ನನ್ನ ಸ್ಟಾಪು ದಾಟಿ ಹೋಗಿದ್ದೆ.

ಅಂಥ ಹೊತ್ತಿನಲ್ಲಿ ಅಥಣಿ ಕಡೆಯಿಂದ ನನ್ನ ತಮ್ಮ ಬಂದ, ಸೋದರಸೊಸೆಯನ್ನು ನೋಡಿಹೋಗಲು. ಅವನದು ದ್ರಾಕ್ಷಿ ತೋಟ. ಹಣ್ಣಿನ ಬುಟ್ಟಿಯ ಜೊತೆ ಗಾಡಿಯಲ್ಲಿ ಹಳೆಯ ಬಲೆಯ ಒಂದು ಸುರುಳಿ ಬಿದ್ದಿತ್ತು. ದ್ರಾಕ್ಷಿಗೆ ಹಕ್ಕಿ ಬೀಳಬಾರದೆಂದು ತೋಟದ ಮೇಲೆಲ್ಲ ಹೊದಿಸುತ್ತಾರಲ್ಲ, ಅದೇ ಸಣ್ಣ ಕಣ್ಣಿನ ನೈಲಾನ್ ಬಲೆ.

"ಇದನ್ನ ಸುತ್ತ ಅಕ್ಕಾ. ಗುಬ್ಬಿ ಸೈತ ತೂರಂಗಿಲ್ಲ ಇದರಾಗ, ಹಾವ ಹೆಂಗ ತೂರತೈತಿ?" ಎಂದ.

ಹಕ್ಕಿಯನ್ನು ಓಡಿಸುವ ಬಲೆಯಿಂದ ಹಕ್ಕಿಯನ್ನು ಕಾಯುವುದು! ಮಗಳು ಕಿಟಕಿಯಿಂದಲೇ ನಕ್ಕಳು. ನಾನೂ ನಕ್ಕೆ. ನಕ್ಕು ಎಷ್ಟು ದಿನ ಆಗಿತ್ತೋ. ತಮ್ಮನೂ ನಾನೂ ಸೇರಿ ಬಲೆಯನ್ನು ಗಿಡದ ಬುಡಕ್ಕೆ ಸೀರೆ ಉಡಿಸಿದ ಹಾಗೆ ನೆರಿಗೆಯ ಮೇಲೆ ನೆರಿಗೆ ಹಾಕಿ ಸುತ್ತಿದೆವು, ಮೇಲೊಂದು ಹಗ್ಗ ಬಿಗಿದೆವು. ಸಡಿಲವಾದ ನೆರಿಗೆಯ ಒಳಗಿಂದಲೇ ಹಾವು ಹೋದೀತು ಎಂಬುದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಬಲೆ ಎಂದರೆ ಹೊದಿಸುವುದು ಅಂತಲೇ ಅವನ ಕೈಗೆ ಅಭ್ಯಾಸ, ಸುತ್ತುವುದು ಅಂದರೆ ಸೀರೆ ಅಂತಲೇ ನನ್ನ ಕೈಗೆ ಅಭ್ಯಾಸ.

ಮರಿ ಹೊರಬಂದವು. ಮಗಳ ಐದನೆಯ ತಿಂಗಳೂ ತುಂಬಿತು. ಹೋದ ಎರಡು ಸಲವೂ ಅಲ್ಲಿಗೆ ಮುಟ್ಟಿರಲಿಲ್ಲ. ಚಾಚಿ ತಂದ ಮಾವಿನಕಾಯಿಗೆ ಉಪ್ಪು ಹಚ್ಚಿ ತಿನ್ನುತ್ತ ಮಗಳು ಮರಿಗಳ ಬಾಯಿ ಎಷ್ಟು ದೊಡ್ಡದು ಎಂದು ತೋರಿಸುತ್ತಿದ್ದಳು. ನಾನು ದಿನಾ ಬೆಳಿಗ್ಗೆ ಎದ್ದವಳೇ ಮೊದಲು ಬಲೆ ಮುಟ್ಟಿ ನೋಡುತ್ತಿದ್ದೆ, ದೇವರ ದೀಪ ಆಮೇಲೆ.

ಆ ಭಾನುವಾರ ಬಲೆ ಮುಟ್ಟಿ ನೋಡಲಿಲ್ಲ. ಎಮ್ಮೆಗೆ ಹುಷಾರಿರಲಿಲ್ಲವೆಂದು ಕಣ್ಣು ಬಿಡುತ್ತಲೇ ಕೊಟ್ಟಿಗೆಗೆ ಹೋಗಿದ್ದೆ. ಮುಂಜಾನೆಯ ಬಿಸಿಲು ಹಿತ್ತಲಿಗೆ ಬಿದ್ದ ಮೇಲೆ ಕಸಬರಿಗೆ ಹಿಡಿದು ಹಿತ್ತಲಿಗೆ ಬಂದರೆ, ಬಲೆಯಿಂದ ಕೇರೆ ಹಾವು ತಲೆ ಕೆಳಗಾಗಿ ನೇತಾಡುತ್ತಿತ್ತು. ತಲೆ ಕೆಳಗೆ, ಬಾಲ ಮೇಲೆ. ಅಂದರೆ ಅದು ಹತ್ತುವಾಗ ಸಿಕ್ಕಿಬಿದ್ದದ್ದಲ್ಲ, ಇಳಿಯುವಾಗ ಸಿಕ್ಕಿದ್ದು. ನಡುಮೈ ಉಬ್ಬಿತ್ತು. ಹೋಗುವಾಗ ತೆಳ್ಳಗೆ ನುಸುಳಿದ ಹಾವು ಬರುವಾಗ ಹೊಟ್ಟೆ ತುಂಬಿಕೊಂಡು ನೆರಿಗೆಯಲ್ಲಿ ಬಿಗಿದುಕೊಂಡಿತ್ತು. ನೈಲಾನ್ ದಾರ ಚರ್ಮದೊಳಕ್ಕೆ ಇಳಿದಿತ್ತು. ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದು ಬುಲ್‌ಬುಲ್ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಕೂತಿತ್ತು. ಅದನ್ನು ಯಾರಿಗೆ ಕೊಡಬೇಕೋ ತಿಳಿಯದೆ ಅತ್ತ ಇತ್ತ ಸರಿಯುತ್ತಿತ್ತು.

ಮರಿಗಳೂ ಹೋದವು, ಬಸುರಿ ಇರುವ ಮನೆಯಲ್ಲಿ ಹಾವಿಗೂ ನನ್ನ ಕೈಯಿಂದಲೇ ಕುತ್ತು ಬಂತು. ಪಂಪಿಗೆ ಕರೆಂಟು ಬಂದಿದೆಯೆಂದು ನಮ್ಮ ಮನೆಯವರು ಹೊಲಕ್ಕೆ ಹೋಗಿದ್ದರು. ಒಳಗೆ ಹೋಗಿ ಹೊಲಿಗೆಯ ಕತ್ತರಿ ತಂದೆ. ಹತ್ತಿರ ಹೋದರೆ ಹಾವು ಬುಸುಗುಟ್ಟಿ ಮೈ ಹೊಡೆದುಕೊಳ್ಳುತ್ತಿತ್ತು. ಅದು ಒದ್ದಾಡಿದಷ್ಟೂ ದಾರ ಇನ್ನಷ್ಟು ಕೊಯ್ಯುತ್ತಿತ್ತು. ವಿಷವಿಲ್ಲ ಎಂದು ತಿಳಿದರೂ ಕತ್ತರಿ ಹಿಂದಕ್ಕೆ ಎಳೆದುಕೊಂಡೆ.

"ಯವ್ವಾ, ತಡಿ."

ಮಗಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ಒಳಗ ನಡಿ! ನಿನಗ ಏಳಬ್ಯಾಡ ಅಂತ ಹೇಳಿಲ್ಲೇನ?" ಎಂದು ಕಿರುಚಿದೆ. ಅವಳು ಕೇಳಲಿಲ್ಲ. ಗೋಡೆ ಹಿಡಿದು ಹೆಜ್ಜೆ ಎಣಿಸಿದಂತೆ ನಡೆದು ಬಂದು, ಬಿಸಿಲಿಗೆ ಬೆನ್ನು ಮಾಡಿ, ಗಿಡದಿಂದ ಸ್ವಲ್ಪ ದೂರಕ್ಕೆ ನಿಂತಳು. ಅವಳ ನೆರಳು ಉದ್ದಕ್ಕೆ ಬಿದ್ದು ಹಾವಿನ ತಲೆಯನ್ನು ಮುಚ್ಚಿತು.

"ಚಾಚಿ ಹೇಳಿಲ್ಲೇನ? ಈಗ ಅದಕ್ಕ ಏನೂ ಕಾಣಂಗಿಲ್ಲ. ನೀ ಕತ್ತರಸ."

ಹಾವು ಸುಮ್ಮನಾಯಿತು. ನೆರಳಿಗೋ, ದಣಿವಿಗೋ, ಬಿಸಿಲು ತಪ್ಪಿದ ತಂಪಿಗೋ ನಾನು ಹೇಳಲಾರೆ. ನಾನು ಹಾವಿಗೂ ಮಗಳಿಗೂ ನಡುವೆ ಮೈ ಅಡ್ಡ ಇಟ್ಟು, ಆ ಉಬ್ಬು ಅವಳಿಗೆ ಕಾಣದ ಹಾಗೆ ನಿಂತು, ದಾರ ಒಂದೊಂದೇ ಕತ್ತರಿಸಿದೆ. ಕೊನೆಯ ದಾರ ಹರಿದಾಗ ಅದು ಧೊಪ್ಪನೆ ಬಿತ್ತು. ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದು, ಆಮೇಲೆ ನಿಧಾನಕ್ಕೆ ಗೋಡೆಯ ಬಿರುಕಿನಿಂದ ದಾಟಿ ಕಡಿದ ಕಬ್ಬಿನ ಒಣಗರಿಯ ರವದಿಯೊಳಗೆ ಸರಸರ ಎನ್ನುತ್ತ ಹೋಯಿತು.

"ಮರಿ?" ಎಂದಳು ಮಗಳು.

"ಹಾರಿ ಹೋಗ್ಯಾವ," ಎಂದೆ. "ರೆಕ್ಕಿ ಬಲತಿದ್ದು. ಮುಂಜಾನೆ ನಾನ ನೋಡೇನಿ."

"ಹೌದಾ? ಛಲೋ ಆತ ಬಿಡು," ಎಂದು ಅವಳು ಗೋಡೆ ಹಿಡಿದು ಒಳಗೆ ಹೋದಳು.

ಇಡೀ ದಿನ ಆ ಸುಳ್ಳನ್ನು ಎದೆಯಲ್ಲಿಟ್ಟುಕೊಂಡು ತಿರುಗಿದೆ. ರೊಟ್ಟಿ ಬಡಿದೆ, ಬಟ್ಟೆ ಒಗೆದೆ, ಎಮ್ಮೆಗೆ ಔಷಧಿ ಕುಡಿಸಿದೆ. ಮಧ್ಯೆ ಮಧ್ಯೆ ಏನೋ ನೆಪ ಮಾಡಿ ಅವಳ ಕೋಣೆಗೆ ಹೋಗಿ ಅವಳ ಮುಖ ನೋಡಿ ಬಂದೆ. ಹೊಟ್ಟೆ ನೋಯುತ್ತಿದೆಯೇ ಎಂದು ಕೇಳುವ ಬದಲು ನೀರು ಬೇಕೇ ಎಂದು ಕೇಳಿದೆ.

ಸಂಜೆ ನಮ್ಮ ಮನೆಯವರು ಸೈಕಲ್ ಮೋಟಾರಿನ ಹಿಂದೆ ಹೊಸ ತಗಡು ಕಟ್ಟಿಕೊಂಡು ಬಂದರು. ಮುಖದ ತುಂಬ ನಗು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ನನಗೆ ನಗಬೇಕೋ ಅಳಬೇಕೋ ತಿಳಿಯದೆ, ಕೈಯಲ್ಲಿದ್ದ ಚರಿಗೆಯನ್ನು ನೆಲಕ್ಕೆ ಕುಕ್ಕಿದೆ. "ಈಗ್ಯಾಕ ತಂದ್ರಿ? ಎಮ್ಮಿಗಿ ಉಡಸಾಕ?"

ಕಿಟಕಿಯಿಂದ ಮಗಳ ದನಿ ಬಂತು. "ಇರಲಿ ಅಪ್ಪಾ, ಬಡೀರಿ. ಮತ್ತ ಕಟ್ಟತಾವ ಅವು."

ನಾನು ಕೋಣೆಗೆ ಹೋದೆ. ಮಗಳು ಎದ್ದು ಕೂತಿದ್ದಳು.

"ಯವ್ವಾ, ಮರಿ ಹಾರಿಲ್ಲ. ನಾ ಏಳೂದ್ರಾಗ ಎಲ್ಲಾ ಮುಗದಿತ್ತು. ಹಾವ ಇಳಿಯಾಕತ್ತಿತ್ತು. ನಿನ್ನ ಕರೀಬೇಕಂತ ಕಿಟಕ್ಯಾಗಿಂದ ಕೊಟಗಿ ಕಡೆ ನೋಡಿದ್ನಿ. ನೀ ಕೊಟಗ್ಯಾಗ ಗ್ವಾಡಿಗಿ ತಲಿ ಹಚ್ಚಿ ನಿಂತಲ್ಲೇ ನಿದ್ದಿ ಮಾಡಾಕತ್ತಿದ್ದಿ. ಎಬ್ಬಸಾಕ ಮನಸ ಬರಲಿಲ್ಲ."

ನಾನು ಅವಳ ದಿಂಬು ಸರಿ ಮಾಡತೊಡಗಿದೆ.

"ನೀ ಅಂಜಬ್ಯಾಡ. ಆ ಗೂಡಿನ ಮ್ಯಾಲೆ ನಾ ಯಾವ ಆಸೆನೂ ಇಟ್ಟಿದ್ದಿಲ್ಲ. ಹೊತ್ತ ಹೋಗಲಿ ಅಂತ ನೋಡತಿದ್ನಿ. ಮೊದಲ ಸಲ ತತ್ತಿ ಹೋದಾಗ ಉಣಲಿಲ್ಲ ಅಂದ್ರ, ಅವತ್ತ ನೀ ಮಾಡಿದ ಪಲ್ಲೆ ಖಾರ ಆಗಿತ್ತ. ಗೂಡಿನ ಮ್ಯಾಲೆ ಜೀವ ಇಟ್ಟಾಕಿ ನೀನು. ನೀ ಕುಸೀಬಾರದಂತ ನಾ ದಿನಾ ಮರಿ ಸುದ್ದಿ ಹೇಳತಿದ್ನಿ."

ಅವಳನ್ನು ಕಾಯುತ್ತಿದ್ದೇನೆ ಎಂದು ನಾನು ಹೊತ್ತುಕೊಂಡು ತಿರುಗಿದ ಭಾರವೆಲ್ಲ ನನ್ನದೇ ಆಗಿತ್ತು. ಮಲಗಿದಲ್ಲಿಂದಲೇ ಅವಳು ಅದಕ್ಕೆ ಹೆಗಲು ಕೊಟ್ಟಿದ್ದಳು. ಭಾರ ಎತ್ತಬಾರದು ಎಂದು ಡಾಕ್ಟರಮ್ಮ ಹೇಳಿದ ಮೇಲೂ.

ಅವಳು ಗೋಡೆಯ ಕಡೆ ಸರಿದು ಮಂಚದ ಮೇಲೆ ಜಾಗ ಮಾಡಿದಳು. "ಕುಂದರ ಬೇ ಇಲ್ಲಿ."

"ಅಡಿಗಿ ಆಗಬೇಕಲ್ಲ."

"ಅಪ್ಪಾ ಮಾಡತಾರ."

ಅವಳ ಅಪ್ಪ ತನ್ನ ಆಯುಷ್ಯದಲ್ಲಿ ಚಹಾ ಸಹ ಕಾಸಿದವರಲ್ಲ. ಹೊರಗೆ ತಗಡು ಬಡಿಯುವ ಸದ್ದು ಕೇಳುತ್ತಿತ್ತು. ನಾನು ಕುಳಿತೆ. ಕುಳಿತ ಮೇಲೆ ಅಳು ಬಂತು.